ಇವತ್ತಿನ ತಿಂಡಿ, ಓವರ್

ಕಾರ್ಖಾನೆಯ ಏಳು ಗಂಟೆಯ ಸೈರನ್ ಕೇಳಿ ಭದ್ರಾವತಿಯ ಮನೆಮನೆಯ ಗಡಿಯಾರಗಳು ಸರಿಯಾಗುತ್ತಿದ್ದ ಕಾಲ ಅದು. ಕ್ವಾರ್ಟರ್ಸ್‌ನಲ್ಲಿದ್ದ ನಮ್ಮ ಗಿರಿಜತ್ತೆ ಮಾತ್ರ ಸೈರನ್ ನಿಂತ ಕೂಡಲೇ ಒಗ್ಗರಣೆ ಘಮ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹ್ಯಾಮ್ ರೇಡಿಯೋ ಮುಂದೆ ಕೂರುತ್ತಿದ್ದಳು.

ಅವಳು ಅಪ್ಪನ ತಂಗಿ. ಮದುವೆಯಾಗಿರಲಿಲ್ಲ. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. “ದಿನವಿಡೀ ಬೇರೆಯವರ ಮಾತಿಗೆ ತಂತಿ ಕೊಡ್ತೀನಿ. ನನ್ ಮಾತಿಗಾದ್ರೂ ತಂತಿ ಬೇಡ ಮಾರಾಯ್ತಿ” ಅನ್ನುತ್ತಿದ್ದಳು.

ದಿನಾ ಏಳಕ್ಕೆ ಅವಳಂಥ ಹವ್ಯಾಸಿಗಳು ತಂತಮ್ಮ ಊರಿನಿಂದಲೇ ಆ ರೇಡಿಯೋದಲ್ಲಿ ಮಾತಿಗೆ ಕೂಡುತ್ತಿದ್ದರು. ಹಾಜರಿ ಕೂಗುತ್ತಿದ್ದವರು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿ ಮಲ್ಲಣ್ಣ. ಗೋಪಾಳದ ಒಬ್ಬ ಮೇಷ್ಟ್ರು, ಹೊಳೆಹೊನ್ನೂರಿನ ರೈಸ್‌ಮಿಲ್ ನಾಗರಾಜ, ಹೀಗೆ ಏಳೆಂಟು ಜನ ಸೇರುತ್ತಿದ್ದರು. ಉಳಿದವರು ಸಿಗ್ನಲ್ಲು, ಮಳೆ ಮೋಡ ಎಂದು ವರದಿ ಕೊಟ್ಟರೆ ಅತ್ತೆ ತಿಂಡಿಯ ವರದಿ ಕೊಡುತ್ತಿದ್ದಳು.

“ಇವತ್ತು ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮಲ್ಲಣ್ಣ, ನಿಮ್ಮನೇಲಿ ಮತ್ತೆ ಉಪ್ಪಿಟ್ಟಾ? ಓವರ್.”

“ಹೊಟ್ಟೆ ಉರಿಸ್ಬೇಡ್ರಮ್ಮ. ಓವರ್.”

ಓವರ್ ಅಂದರೆ ನನ್ನ ಮಾತಾಯಿತು, ಇನ್ನು ನಿಮ್ಮ ಸರದಿ ಅಂತ. ಅವಳ ತಿಂಡಿ ಏನೆಂದು ಕೇಳದೆ ಹಾಜರಿ ಮುಗಿಯುತ್ತಲೇ ಇರಲಿಲ್ಲ.

ಹಿತ್ತಲಿನ ಕಂಬದ ಮೇಲೆ ಅಲ್ಯೂಮಿನಿಯಂ ಕೊಳವೆಗಳಿಂದ ಅವಳೇ ಮಾಡಿದ ಆಂಟೆನಾ ಇತ್ತು. ಪಕ್ಕದ ಮನೆಯ ಸೆಲ್ವಿಯಕ್ಕ ಒಂದು ದಿನ ಆ ಕಂಬಕ್ಕೆ ಹಗ್ಗ ಬಿಗಿದು ಒದ್ದೆ ಜಮಖಾನ ಹರವಿದಳು. ಭಾರಕ್ಕೆ ಆಂಟೆನಾ ತಿರುಗಿ ಶಿವಮೊಗ್ಗದವರಿಗೆ ಅತ್ತೆಯ ದನಿ ಹೋಗಲೇ ಇಲ್ಲ.

“ಏನೇ ಸೆಲ್ವಿ, ನಿನ್ ಜಮಖಾನ ಒಣಗೋ ತನಕ ನಾನು ಹೊಳೆಹೊನ್ನೂರಿಗೆ ಮಾತ್ರ ಕೇಳಿಸ್ಬೇಕಾ?”

“ನಿನ್ ಗಂಟಲಿಗೆ ಕಂಬ ಯಾಕಕ್ಕಾ? ಬಾಗಿಲಲ್ಲಿ ನಿಂತು ಕೂಗು, ಶಿವಮೊಗ್ಗಕ್ಕೆ ಕೇಳುತ್ತೆ.”

ಇಬ್ಬರೂ ನಕ್ಕು ನಕ್ಕು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ಐದನೇ ಕ್ಲಾಸಿನ ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋಗಿದ್ದೆ. ಆ ಮೈಕಿನ ಗುಂಡಿ ಒತ್ತಿ ಒಂದು ಮಾತಾಡಬೇಕೆಂಬುದು ನನ್ನ ಪ್ರಾಣದಂಥ ಆಸೆ. ಅತ್ತೆ ಬಿಡುತ್ತಿರಲಿಲ್ಲ. “ಪರೀಕ್ಷೆ ಪಾಸ್ ಮಾಡಿ ಲೈಸೆನ್ಸ್ ತಗೋ. ಅಲ್ಲೀತಂಕ ಕಿವಿ ನಿಂದು, ಗುಂಡಿ ನಂದು.” ಮುಖ ಊದಿಸಿಕೊಂಡರೆ ಕೆನ್ನೆ ಹಿಂಡುತ್ತಿದ್ದಳು. “ರೇಡಿಯೋದಲ್ಲಿ ಗಂಡಸರೆಲ್ಲ ಓಲ್ಡ್ ಮ್ಯಾನ್, ಹೆಂಗಸರೆಲ್ಲ ಯಂಗ್ ಲೇಡಿ. ಎಂಬತ್ತಾದ್ರೂ ಯಂಗ್ ಲೇಡೀನೇ. ನಿಂಗೇನು ಅವಸರ?”

ಆ ಮೇ ತಿಂಗಳಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಲು ಅಪ್ಪ ಬಂದಿದ್ದ ಬೆಳಿಗ್ಗೆ ಅವಳು ಹಾಜರಿಯಲ್ಲಿ ಹೇಳಿದ್ದೇ ಬೇರೆ. “ನಾಲ್ಕು ದಿನ ಊರಲ್ಲಿರಲ್ಲ. ಮದುವೆ ಊಟ ಇದೆ. ಓವರ್.”

“ಸುಳ್ಳು ಯಾಕತ್ತೆ ಹೇಳಿದ್ದು?”

“ತಿಂಡಿ ತಿನ್ನೋ ಹೊತ್ತಲ್ಲಿ ಆಸ್ಪತ್ರೆ ಮಾತ್ಯಾಕೆ, ಪಾಪ.” ಲಾಗ್ ಪುಸ್ತಕ ನನ್ನ ಕೈಗಿಟ್ಟಳು. “ದಿನಾ ಏಳಕ್ಕೆ ರೇಡಿಯೋ ಹಾಕು. ಯಾರ್ಯಾರು ಬಂದ್ರು, ಬರೆದಿಡು. ನಾ ಬಂದ್ಮೇಲೆ ಒಪ್ಪಿಸ್ಬೇಕು. ಗುಂಡಿ ಮಾತ್ರ ಮುಟ್ಬೇಡ.”

ಮುಟ್ಟಲಿಲ್ಲ. ರಾತ್ರಿ ಸೆಲ್ವಿಯಕ್ಕನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅವಳು ಕೊಟ್ಟ ಇಡ್ಲಿ ತಿನ್ನುತ್ತ ದಿನವೂ ಬರೆದೆ. ಅತ್ತೆಯ ಹೆಸರು ಬಂದಾಗಲೆಲ್ಲ ಮಲ್ಲಣ್ಣ ಒಂದು ಕ್ಷಣ ಕಾಯುತ್ತಿದ್ದರು. “ಗಿರಿಜಮ್ಮ ಇನ್ನೂ ಪಂಕ್ತಿಯಿಂದ ಎದ್ದಿಲ್ಲ ಅಂತ ಕಾಣುತ್ತೆ” ಎಂದರೆ ಉಳಿದವರು ನಗುತ್ತಿದ್ದರು.

ಹತ್ತನೆಯ ದಿನ ಸಂಜೆ ಅತ್ತೆಯನ್ನು ವ್ಯಾನಿನಲ್ಲಿ ತಂದರು. ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿ ಹಣೆ ತುಂಬ ವಿಭೂತಿ ಹಚ್ಚಿ ಕೊರಳಿಗೆ ಹಾರ ಹಾಕಿದರು. ಒಂದು ಕಡೆ ಕೂತವಳೇ ಅಲ್ಲ ಅವಳು.

ಬೆಳಿಗ್ಗೆ ಸೈರನ್ ಆಯಿತು. ಒಪ್ಪಿಸುವ ಕೆಲಸವಿತ್ತಲ್ಲ, ನನ್ನ ಕಾಲು ತಾನಾಗಿ ಕೋಣೆಗೆ ಹೋಯಿತು. ರೇಡಿಯೋ ಹಾಕಿದೆ. ಗೋಪಾಳ ಬಂತು, ಹೊಳೆಹೊನ್ನೂರು ಬಂತು.

“ಗಿರಿಜಮ್ಮ ಇದ್ದೀರಾ? ಇವತ್ತಾದ್ರೂ ಹೇಳಿ, ತಿಂಡಿ ಏನು? ಓವರ್.”

ಗುಂಡಿ ಒತ್ತಿದೆ. ಮೊದಲ ಸಲ ಏನು ಮಾತಾಡಬೇಕೆಂದು ಕನ್ನಡಿ ಮುಂದೆ ಎಷ್ಟೋ ಅಭ್ಯಾಸ ಮಾಡಿದ್ದೆ. ಒಂದೂ ನೆನಪಾಗಲಿಲ್ಲ.

“ಇವತ್ತು ನಮ್ಮನೇಲಿ ಒಲೆ ಹಚ್ಚಿಲ್ಲ. ಓವರ್.”

ಯಾರೂ ಗುಂಡಿ ಒತ್ತದಿದ್ದಾಗ ಬರುವ ಸರ್ರ್ ಎನ್ನುವ ಬರೀ ಸದ್ದು. ಮಲ್ಲಣ್ಣ, “ಯಾರಮ್ಮ ಮಾತಾಡ್ತಿರೋದು?” ಎಂದರು.

“ಅಣ್ಣನ ಮಗಳು. ಓವರ್.”

“ಕೇಳಿಸ್ತು, ಯಂಗ್ ಲೇಡಿ.” ಓವರ್ ಅನ್ನಲಿಲ್ಲ.

ಆಮೇಲೆ ಆ ಸರ್ರ್ ಸದ್ದು ನಿಂತಿತು. ಎಲ್ಲೋ ಯಾರೋ ಗುಂಡಿ ಒತ್ತಿ ಹಿಡಿದಿದ್ದರು, ಮಾತಿಲ್ಲ. ಬಿಟ್ಟರು. ಇನ್ನೊಬ್ಬರು ಒತ್ತಿದರು. ಹಾಗೆ ಏಳು ಸಲ. ಯಾರು ಯಾರೆಂದು ತಿಳಿಯದೆ ಲಾಗ್ ಪುಸ್ತಕದಲ್ಲಿ ಏಳು ಗೆರೆ ಎಳೆದೆ. ಯಾರಿಗೆ ಒಪ್ಪಿಸಬೇಕೋ ಅವಳು ನಡುಮನೆಯಲ್ಲಿದ್ದಳು.

ಲೈಸೆನ್ಸ್ ನನಗೂ ಬಂತು. ಅತ್ತೆ ತೀರಿಕೊಂಡಾಗಿನ ವಯಸ್ಸನ್ನು ನಾನು ದಾಟಿ ವರ್ಷಗಳಾದವು. ರೇಡಿಯೋದಲ್ಲಿ ನಾನಿನ್ನೂ ಯಂಗ್ ಲೇಡಿಯೇ. ಮಲ್ಲಣ್ಣನೂ ಇಲ್ಲ, ಮೇಷ್ಟ್ರೂ ಇಲ್ಲ, ಏಳಕ್ಕೆ ಹಾಜರಿ ಕೂಗುವವರೂ ಇಲ್ಲ. ಆದರೂ ಕೆಲವು ಬೆಳಿಗ್ಗೆ ಗುಂಡಿ ಒತ್ತಿ ಅಕ್ಕಿರೊಟ್ಟಿ, ಎಣ್ಣೆಗಾಯಿ ಅಂತ ಹೇಳುತ್ತೇನೆ. ಓವರ್ ಎಂದು ಗುಂಡಿ ಬಿಟ್ಟು, ಯಾರಾದರೂ ಹೊಟ್ಟೆ ಉರಿದುಕೊಳ್ಳಲಿ ಎಂದು ಕಾಯುತ್ತೇನೆ.