ಹೊಂಬಾಳಮ್ಮನ ಸುಣ್ಣದ ಡಬ್ಬಿ

ಹೊನ್ನವಳ್ಳಿ ಕಡೆ ಗೊಬ್ಬರದ ಚೀಲ ಕೊಂಡವನು ಮೊದಲು ಮಾಡುವ ಕೆಲಸ ಅನುಮಾನ ಪಡುವುದು. ತೆಂಗಿನ ಪಾತಿಗೆ ಹಾಕುವುದೆಲ್ಲ ಆಮೇಲಿನ ಮಾತು. ಅಂಗಡಿಯವನು ಮಣ್ಣು ಬೆರೆಸಿದನೋ, ಅವನಿಗೆ ಕೊಟ್ಟ ಏಜೆಂಟು ಬೆರೆಸಿದನೋ, ಹಡಗಿನಲ್ಲಿ ಬರುವಾಗಲೇ ಕೆಟ್ಟಿತ್ತೋ, ಯಾರಿಗೆ ಗೊತ್ತು! ಹಾಗೆ ಅನುಮಾನ ಹತ್ತಿದವರೆಲ್ಲ ಒಂದು ಹಿಡಿ ಕಾಳನ್ನು ಟವೆಲ್ಲಿನ ಚುಂಗಿಗೆ ಗಂಟು ಹಾಕಿಕೊಂಡು ಹೊಂಬಾಳಮ್ಮನ ಜಗಲಿಗೆ ಬರುತ್ತಿದ್ದರು.

ಆಕೆ ಮಾಡುತ್ತಿದ್ದುದು ಇಷ್ಟೇ. ಡಿಎಪಿ ಗೊಬ್ಬರದ ನಾಲ್ಕು ಕಾಳು ಎಡಗೈಗೆ ಹಾಕಿಕೊಂಡು, ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಚೂರು ಸುಣ್ಣ ಹಚ್ಚಿ, ಹೊಗೆಸೊಪ್ಪು ತಿಕ್ಕುವ ಹಾಗೆ ಹೆಬ್ಬೆರಳಿನಿಂದ ತಿಕ್ಕುವುದು. ಅಸಲಿಯಾದರೆ ಮೂಗಿಗೆ ಘಾಟು ಹೊಡೆಯುತ್ತದೆ. ನಕಲಿಯಾದರೆ ಏನೂ ಇಲ್ಲ. ಈ ಉಪಾಯ ಊರಿನಲ್ಲಿ ಎಲ್ಲರಿಗೂ ಗೊತ್ತು, ಸುಣ್ಣವೂ ಎಲ್ಲರ ಮನೆಯಲ್ಲಿದೆ. ಆದರೂ ಜನಕ್ಕೆ ತಮ್ಮ ಮೂಗಿನ ಮೇಲೆ ಭರವಸೆ ಇಲ್ಲ. ಹೊಂಬಾಳಮ್ಮ ಮೂಸಿ "ಐತೆ ಕಣಪ್ಪ, ಹಾಕ್ಕೋ ಹೋಗು" ಅಂದರೇನೇ ಚೀಲದ ಬಾಯಿ ಬಿಚ್ಚುವುದು. ಹೊಂಬಾಳಮ್ಮನಿಗೂ ಅದರಿಂದ ಒಳಗೊಳಗೇ ಹೆಮ್ಮೆ. ಯಾರಾದರೂ ಬರುವುದು ಕಂಡರೆ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.

ಈ ಸಲದ ಮುಂಗಾರಿಗೆ ಎಲ್ಲ ಗೋಜಲಾಯಿತು. ಪ್ರತಿ ವರ್ಷ ಬರುತ್ತಿದ್ದ ಹೊರದೇಶದ ಡಿಎಪಿ ಹೊನ್ನವಳ್ಳಿಗೆ ಬರಲೇ ಇಲ್ಲ. ಎಲ್ಲೋ ಯುದ್ಧವಂತೆ, ಎಲ್ಲೋ ಹಡಗು ನಿಂತಿದೆಯಂತೆ. ಹೊನ್ನವಳ್ಳಿ ಪೇಟೆಯ ಶಿವಮೂರ್ತಿಯ ಅಂಗಡಿಗೆ ಬಂದಿಳಿದದ್ದು ನಮ್ಮ ದೇಶದಲ್ಲೇ ತಯಾರಾದ ಮಾಲು. ಚೀಲ ನೋಡಿದರೆ ಎರಡೂ ಒಂದೇ, ಅದೇ ಬಣ್ಣ, ಅದೇ ದಪ್ಪ ಅಕ್ಷರ. ಎಲ್ಲಿಯದು ಎಂಬುದನ್ನು ಕನ್ನಡಕ ಹಾಕಿದವರೂ ಕಣ್ಣು ಕಿರಿದು ಮಾಡಿ ಓದಬೇಕು. ಕಾಳು ಮಾತ್ರ ಬೇರೆ. ಹೊರಗಿನದು ಕಪ್ಪಗಿರುತ್ತಿತ್ತು, ಇದು ಬೂದಿ ಬಣ್ಣಕ್ಕಿತ್ತು.

ಈ ಶಿವಮೂರ್ತಿ ಹೊಂಬಾಳಮ್ಮನ ತಂಗಿಯ ಮಗ. ತಂಗಿ ತೀರಿಕೊಂಡ ಮೇಲೆ ಈ ದೊಡ್ಡಮ್ಮನ ಮಡಿಲಲ್ಲೇ ಬೆಳೆದವನು. ಅಂಗಡಿ ಇಟ್ಟದ್ದು ಹೋದ ವರ್ಷ. ಹೊಸ ಅಂಗಡಿಗೆ ಒಮ್ಮೆ ಕಲಬೆರಕೆಯ ಹೆಸರು ಬಂದರೆ ಮುಗಿಯಿತು, ಆಮೇಲೆ ಆ ಕಟ್ಟೆ ಯಾರೂ ಹತ್ತುವುದಿಲ್ಲ.

ಮಳೆ ಹದವಾದ ದಿನ ಜಗಲಿಯ ಮೇಲೆ ಜನ ಸೇರಿದರು. ಪಕ್ಕದ ತೋಟದ ಚಿಕ್ಕರಂಗಯ್ಯ ಬೂದಿ ಬಣ್ಣದ ಕಾಳು ತಂದಿದ್ದ.

"ಹೊರಗಿಂದು ಹಾಕಿದ್ರೆ ತೆಂಗಿನ ಎಳೆ ಹರಳು ಉದುರೋದು ನಿಲ್ತಿತ್ತು. ಇದೇನು, ಸೀಮೆಂಟ್ ಇದ್ದಂಗೈತೆ" ಎಂದ.

"ಅಲ್ಲ ಕಣ್ಲಾ, ಹಡಗಲ್ಲಿ ಬಂದಿದ್ದು ಸುಳ್ಳಾದ್ರೆ ಯಾರ್ನ ಕೇಳ್ತೀಯ? ಇದಾದ್ರೆ ನಮ್ಮೋರೇ ಮಾಡಿರೋದು" ಎಂದನೊಬ್ಬ.

"ನಮ್ಮೋರು ಅಂತಲೇ ಭಯ ಕಣಪ್ಪ!" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಹೊಂಬಾಳಮ್ಮ ಡಬ್ಬಿ ತೆಗೆದಳು. ಯುಗಾದಿ ಕಳೆದ ಮೇಲೆ ದವಡೆ ಊದಿಕೊಂಡು, ತಿಪಟೂರಿನ ಡಾಕ್ಟರು ಆಕೆಗೆ ಎಲೆಅಡಿಕೆ ಬಿಡಿಸಿದ್ದರು. ಬಾಯಿ ಎಲೆ ಬಿಟ್ಟರೂ ಚೀಲ ಸೊಂಟ ಬಿಟ್ಟಿರಲಿಲ್ಲ. ಡಬ್ಬಿಯೊಳಗಿನ ಸುಣ್ಣ ಗಟ್ಟಿಯಾಗಿತ್ತು. ಎರಡು ಹನಿ ನೀರು ಬಿಟ್ಟು ಕಲಸಿ, ಹಚ್ಚಿ ತಿಕ್ಕಿದಳು. ಮೂಸಿದಳು. ಮತ್ತೆ ತಿಕ್ಕಿ ಮತ್ತೆ ಮೂಸಿದಳು. ಏನೂ ಇಲ್ಲ.

ಐತೆ ಅಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹುಡುಗನ ಅಂಗಡಿ ಉಳಿಯುತ್ತದೆ. ಆದರೆ ಇಷ್ಟೂ ಜನದ ರಾಗಿ, ಇಷ್ಟೂ ಜನದ ತೆಂಗು? ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ ಕಣ್ರಪ್ಪ. ಘಾಟಿಲ್ಲ" ಎಂದಳು.

ಅಂದು ಸಂಜೆಯೊಳಗೆ ಆ ಊರಿನ ಚೀಲಗಳೆಲ್ಲ ಗಾಡಿ ಹತ್ತಿ ಶಿವಮೂರ್ತಿಯ ಅಂಗಡಿಗೆ ವಾಪಸಾದವು. ಹೊಂಬಾಳಮ್ಮನಿಗೆ ಅನ್ನ ಸೇರಲಿಲ್ಲ. ಹುಡುಗನಿಗೆ ಯಾರೋ ಮೋಸ ಮಾಡಿದ್ದಾರೆ, ಅವನೇ ಮಾಡಿರಲಾರ ಎಂದು ತನಗೆ ತಾನೇ ಹೇಳಿಕೊಂಡಳು. ಅವನೇ ಮಾಡಿದ್ದರೆ ಎಂಬ ಯೋಚನೆಯೂ ಹಿಂದೆಯೇ ಬಂತು. ಸಾಕಿದ ಕೈಗೆ ಹೀಗೂ ಅನ್ನಿಸುತ್ತದಲ್ಲ ಎಂದು ನಾಚಿಕೆಯಾಯಿತು.

ಕೆಲವು ದಿನ ಕಳೆದು ಚಿಕ್ಕರಂಗಯ್ಯ ತಿಪಟೂರೆಲ್ಲ ಹುಡುಕಿ ಹೊರದೇಶದ್ದನ್ನೇ ತಂದ. ಕಪ್ಪು ಕಾಳು, ಹಳೆಯ ಪರಿಚಯದ್ದು. ಇದು ಸರಿಯಿದ್ದೇ ಇರುತ್ತದೆ ಎಂದು ಹೊಂಬಾಳಮ್ಮ ಧೈರ್ಯವಾಗಿ ತಿಕ್ಕಿದಳು. ಅದರಲ್ಲೂ ಘಾಟಿಲ್ಲ!

"ಇದೂ ಇಲ್ವಲ್ಲ ರಂಗಯ್ಯ."

"ಏನಕ್ಕ ನೀನು! ಹೋದ ವರ್ಷ ಇದನ್ನೇ ಅಸಲಿ ಅಂದಿದ್ದೆ. ಹಂಗಾದ್ರೆ ಪ್ರಪಂಚದಲ್ಲಿ ಗೊಬ್ಬರವೇ ಇಲ್ವಾ?" ಎಂದು ಅವನು ಕಾಳುಗಳನ್ನು ಜಗಲಿಯ ಮೇಲೇ ಬಿಟ್ಟು ಎದ್ದುಹೋದ.

ಹೊಂಬಾಳಮ್ಮನ ತಲೆ ಕೆಟ್ಟುಹೋಯಿತು. ದೇಶದ್ದೂ ಸುಳ್ಳು, ಪರದೇಶದ್ದೂ ಸುಳ್ಳು ಅಂದರೆ ಹೇಗೆ? ಇಲ್ಲ, ತನ್ನ ಮೂಗೇ ಹೋಯಿತೋ? ಅಡುಗೆಮನೆಗೆ ಓಡಿ ಇಂಗಿನ ಡಬ್ಬಿ ಮೂಸಿದಳು. ಇಂಗು ಗಮ್ಮೆಂದಿತು. ಕೊಬ್ಬರಿ ಅಟ್ಟದ ಕೆಳಗೆ ನಿಂತು ಉಸಿರೆಳೆದಳು. ಆ ವಾಸನೆಯೂ ಬಂತು. ಮೂಗು ನೆಟ್ಟಗಿದೆ. ಹಾಗಾದರೆ ಕೆಟ್ಟಿರುವುದು ಯಾವುದು? ಹೊರಗೆ ಬಂದು, ಅಂದು ಉಳಿದಿದ್ದ ಬೂದಿ ಕಾಳನ್ನೂ ಈ ಕಪ್ಪು ಕಾಳನ್ನೂ ಮುಂದಿಟ್ಟುಕೊಂಡು ಸುಮ್ಮನೆ ನೋಡುತ್ತ ಕುಳಿತಳು.

ಎದುರು ಮನೆಯ ಪುಟ್ಟಕ್ಕ ಎಲೆಗೆ ಸುಣ್ಣ ಹಚ್ಚುತ್ತ ಬಂದು ಪಕ್ಕದಲ್ಲಿ ಕೂತಳು.

"ಏನೇ ಹೊಂಬಾಳಿ, ಗರ ಬಡಿದೋಳ ಥರ ಕೂತಿದೀಯ?"

ವಿಷಯ ಕೇಳಿ, ಪುಟ್ಟಕ್ಕ ಆಕೆಯ ಡಬ್ಬಿಗೆ ಬೆರಳು ಹಾಕಿ ನಾಲಿಗೆಗೆ ಮುಟ್ಟಿಸಿಕೊಂಡಳು. ಥೂ ಎಂದು ಉಗಿದಳು.

"ಎಲೆ ಬಿಟ್ಟು ಎಷ್ಟು ದಿನ ಆಯ್ತೇ? ಇದು ಸುಣ್ಣನಾ? ಗಾಳಿಗೆ ಒಣಗಿ ಸತ್ತೋಗೈತೆ. ನಾಲಿಗೆ ಚುರ್ ಅನ್ನಲ್ಲ. ಬರೀ ಬಿಳೀ ಮಣ್ಣು ಕಣೇ."

ಹೊಂಬಾಳಮ್ಮ ಪುಟ್ಟಕ್ಕನ ಎಲೆಯಿಂದಲೇ ಹಸಿ ಸುಣ್ಣ ಬಳಿದುಕೊಂಡು ಬೂದಿ ಬಣ್ಣದ ಕಾಳಿಗೆ ತಿಕ್ಕಿದಳು. ಘಾಟು ನೆತ್ತಿಗೆ ಹತ್ತಿತು. ಕಪ್ಪು ಕಾಳಿಗೆ ತಿಕ್ಕಿದಳು. ಅದರಲ್ಲೂ ಅಷ್ಟೇ ಘಾಟು. ಎರಡೂ ಅಸಲಿ. ಸುಳ್ಳಾಗಿದ್ದುದು ತನ್ನ ಡಬ್ಬಿ.

ಪುಟ್ಟಕ್ಕನ ಸುಣ್ಣವನ್ನು ಒಂದು ಎಲೆಯಲ್ಲಿ ಸುತ್ತಿಕೊಂಡು ರಸ್ತೆಗೆ ಓಡಿದಳು. ಬಸ್ಸಿಗೆ ಕಾಯುತ್ತಿದ್ದ ಚಿಕ್ಕರಂಗಯ್ಯ ಸಿಕ್ಕಿದ. ಎರಡೂ ಅಸಲಿ ಕಣಪ್ಪ, ನಂದೇ ತಪ್ಪು ಎಂದಳು. ಅವನು ಆಕೆಯನ್ನು ಮೇಲಿಂದ ಕೆಳಗೆ ನೋಡಿದ.

"ಮೊನ್ನೆ ಒಂದು ಸುಳ್ಳಂದೆ, ಆಗ್ಲೇ ಎರಡೂ ಸುಳ್ಳಂದೆ, ಈಗ ಎರಡೂ ಅಸಲಿ ಅಂತೀಯ. ತಂಗಿ ಮಗ ಬಂದು ಅತ್ತನಾ?"

ಅಷ್ಟರಲ್ಲಿ ಹೊನ್ನವಳ್ಳಿಯ ಬಸ್ಸು ಬಂತು, ಹತ್ತಿದಳು. ದಾರಿಯುದ್ದಕ್ಕೂ, ಹುಡುಗ ತನ್ನನ್ನು ಬೈಯಲಿ, ಚೆನ್ನಾಗಿ ಬೈಯಲಿ ಎಂದು ಬೇಡಿಕೊಂಡಳು.

ಅಂಗಡಿಯಲ್ಲಿ ಶಿವಮೂರ್ತಿ ಕಸ ಗುಡಿಸುತ್ತಿದ್ದ. ಗೋಡೆಯ ಪಕ್ಕ ಅಟ್ಟಿ ಹಾಕಿದ್ದ ಚೀಲಗಳು ಒಂದೂ ಇರಲಿಲ್ಲ.

"ಚೀಲ ಎಲ್ಲಪ್ಪಾ?"

"ಲಾರಿಗೆ ಹೇರಿ ಏಜೆಂಟ್‌ಗೆ ವಾಪಸ್ ಕಳಿಸ್ಬುಟ್ಟೆ ದೊಡ್ಡಮ್ಮ. ಕಳ್ಳ ಅಂತ ಬೈದೂ ಬುಟ್ಟೆ. ಇನ್ನು ಈ ಅಂಗಡಿಗೆ ಮಾಲೇ ಹಾಕಲ್ಲ ಅಂದ. ಹಾಕ್ದೇ ಇದ್ರೆ ಬ್ಯಾಡ, ಕಳ್ಳಮಾಲು ನಂಗ್ಯಾಕೆ?"

"ನೀನು ಒಂದ್ಸಲ ತಿಕ್ಕಿ ನೋಡ್ಲಿಲ್ವೇನೋ ಮಗಾ?"

ಅವನಿಗೆ ಆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. "ಊರೋರು ಏನಂದ್ರೂ ನಾನು ನಂಬ್ತಿರಲಿಲ್ಲ. ನೀನು ಇಲ್ಲ ಅಂದ್ಮೇಲೆ ನಾನ್ಯಾಕೆ ತಿಕ್ಕಿ ನೋಡ್ಲಿ?"

ಹೊಂಬಾಳಮ್ಮ ನೆಲದ ಮೇಲೆ ಕುಕ್ಕರಿಸಿ, ಕಸದಲ್ಲಿ ಬಿದ್ದಿದ್ದ ನಾಲ್ಕು ಕಾಳುಗಳನ್ನು ಆರಿಸಿ ಅವನ ಅಂಗೈಗೆ ಹಾಕಿದಳು. ಮೇಲೆ ಸುಣ್ಣ ಹಚ್ಚಿದಳು. ತಿಕ್ಕು ಎಂದಳು. ಅವನು ತಿಕ್ಕಿದ. ಕೈಯನ್ನು ಮೂಗಿನ ಹತ್ತಿರ ತಂದವನು ಹಾಗೇ ನಿಂತುಬಿಟ್ಟ. ಖಾಲಿ ಗೋಡೆಯನ್ನೊಮ್ಮೆ ನೋಡಿದ, ದೊಡ್ಡಮ್ಮನನ್ನೊಮ್ಮೆ ನೋಡಿದ. ಹೊರಗೆ ಹದವಾದ ಮಳೆ ಮತ್ತೆ ಶುರುವಾಗಿತ್ತು.

"ಐತೆ ಕಣ್ ದೊಡ್ಡಮ್ಮ" ಎಂದ.