ಹೆಂಡ್ರಿಜಾಲನ ಬೆನ್ನಿಗೆ ಸೂಜಿ ಬೀಳದ ದಿನ

ಬೆಳಗಿನ ಐದೂವರೆ. ನಮ್ಮ ಪಶ್ಚಿಮ ಸುಮಾತ್ರದ ಒಂದು ಬೋಧನಾಸ್ಪತ್ರೆಯ ಎರಡನೇ ಮಹಡಿಯಲ್ಲಿ ಡಾ. ದೆಸ್ಮಾವರ್ನಿ ಗಾಜಿನ ಕೊಳವೆಯೊಂದನ್ನು ಅಂಗೈಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಬಿರಬಿರನೆ ನಡೆಯುತ್ತಿದ್ದಾರೆ. ಅದರಲ್ಲಿರುವುದು ಒಂದು ಚಮಚದಷ್ಟು ಕೆಂಪು ಮೂತ್ರ. ಹೆಂಡ್ರಿಜಾಲ್ ಎಂಬ ಇಪ್ಪತ್ತೇಳರ ಯುವಕನ ದೇಹ ನಡುರಾತ್ರಿಯಿಂದೀಚೆಗೆ ಬಿಟ್ಟುಕೊಟ್ಟದ್ದು ಇಷ್ಟೇ. ಅವನ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿದೆ. ಇನ್ನೂ ಏರಿದರೆ ಹೃದಯ ನಿಂತೀತು. ಮೂತ್ರಪಿಂಡದ ಉರಿಯೂತ ಇರಬೇಕೆಂದು ಕಿರಿಯ ವೈದ್ಯರು ಬರೆದಿದ್ದಾರೆ. ಎಂಟು ಗಂಟೆಗೆ ಬೆನ್ನಿಗೆ ಸೂಜಿ ಹಾಕಿ ಮೂತ್ರಪಿಂಡದ ಚೂರೊಂದನ್ನು ಪರೀಕ್ಷೆಗೆ ತೆಗೆಯುವುದೆಂದು ನಿರ್ಧಾರವಾಗಿದೆ.

"ರಾತ್ರಿನೇ ಲ್ಯಾಬಿಗೆ ಕಳಿಸಿದ್ವಿ ಬುಂದೊ. ರಕ್ತ ಬಿಟ್ರೆ ಏನೂ ಇಲ್ಲ ಅಂದ್ರು," ಎನ್ನುತ್ತಾ ಕಿರಿಯ ವೈದ್ಯ ಫಡ್ಲಿ ಹಿಂದೆಯೇ ಬರುತ್ತಾನೆ. ಬುಂದೊ ಎಂದರೆ ಅಮ್ಮ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಅವರ ಒಂದು ದಿನವನ್ನು ಬರೆಯಲು ಬಂದ ನಾನೂ ಜೊತೆಗಿದ್ದೇನೆ.

"ಎಷ್ಟು ಹೊತ್ತು ಕೂತಿತ್ತು ಅಲ್ಲಿ?"

"ಒಂದ್ ಮೂರು ಗಂಟೆ."

"ಮೂರು ಗಂಟೆ ಆರಿದ ಕಾಫಿ ನೀನು ಕುಡೀತೀಯೇನಪ್ಪಾ?"

ಹೊತ್ತಾದರೆ ಒಳಗಿನ ಸುಳಿವು ಅಳಿಸಿಹೋಗುತ್ತದೆಂದು ಮೂತ್ರವನ್ನು ಬಿಸಿ ಆರುವ ಮುಂಚೆ ತಾನೇ ಹೊತ್ತು ತಂದು, ತಾನೇ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಮೂವತ್ತೊಂದು ವರ್ಷಗಳ ಪಾಠ. ಅದರ ಹಿಂದೆ ಒಬ್ಬ ಮೀನುಗಾರನಿದ್ದಾನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನ ಬೆನ್ನಿಗೂ ಹೀಗೇ ಸೂಜಿ ಹಾಕಿದ್ದರು. ರಕ್ತ ನಿಲ್ಲಲಿಲ್ಲ. ಜೀವ ಉಳಿಯಿತು, ಒಂದು ಮೂತ್ರಪಿಂಡ ಹೋಯಿತು. "ಅವನು ಜಾರಿಯಾಂಗ್ ತಿಂದಿದ್ದ. ನಾನು ಕೇಳಿರಲಿಲ್ಲ," ಎನ್ನುತ್ತಾರೆ. ಅದನ್ನು ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಜಾರಿಯಾಂಗ್ ನಮ್ಮ ಕಡೆ ಎಲ್ಲರ ಬಾಯಲ್ಲೂ ನೀರೂರಿಸುವ, ತಿಂದವರು ಬಾಯಿ ತೆರೆದರೆ ನಾರುವ ದೊಡ್ಡ ಕಾಳು. ನೂರರಲ್ಲಿ ಒಬ್ಬರಿಗೆ ಯಾವುದೋ ಒಂದು ದಿನ ಅದರ ಸತ್ವ ಮೂತ್ರದಲ್ಲಿ ಹರಳುಗಟ್ಟಿ ದಾರಿ ಕಟ್ಟಿಬಿಡುತ್ತದೆ.

ದೆಸ್ಮಾವರ್ನಿ ನಾಲ್ಕು ನಿಮಿಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹುಡುಕುತ್ತಾರೆ. ಆಮೇಲೆ ಫಡ್ಲಿಗೆ ಜಾಗ ಬಿಡುತ್ತಾರೆ. ಕೆಂಪು ಕಣಗಳ ನಡುವೆ ಸೂಜಿಯಂಥ ಹರಳುಗಳು, ಬಿಚ್ಚಿದ ಹುಲ್ಲಿನ ಕಂತೆಯ ಹಾಗೆ. ಎರಡೇ ಎರಡು ಕಂತೆ.

"ಇಷ್ಟು ಸಾಲದು. ಜಾರಿಯಾಂಗೇ ಆದ್ರೆ ಹರಳು ಕರಗೋಕೆ ಸೋಡಾ ಡ್ರಿಪ್ ಜೋರಾಗಿ ಬಿಡಬೇಕು. ನನ್ನ ಊಹೆ ತಪ್ಪಾದ್ರೆ ಆ ನೀರೇ ಅವನ ಶ್ವಾಸಕೋಶಕ್ಕೆ ತುಂಬ್ಕೊಳತ್ತೆ. ಅವನು ಬಾಯಿ ಬಿಡಬೇಕು."

ಅವನು ಬಾಯಿ ಬಿಡುತ್ತಿಲ್ಲ. ನಿನ್ನೆಯಿಂದ ನಾಲ್ವರು ಕೇಳಿದ್ದಾರೆ. ಮಂಚದ ಪಕ್ಕದಲ್ಲೇ ಅತ್ತೆ ರೊಸ್ನಿಯಾರ್ ಕೂತಿದ್ದಾರೆ. ಮದುವೆಯಾಗಿ ಆರು ವಾರ. ನಮ್ಮಲ್ಲಿ ಗಂಡ ಹೆಂಡತಿಯ ಮನೆಗೆ ಬರುತ್ತಾನೆ. ಅಳಿಯನೆಂದರೆ ಮರದ ಬೊಡ್ಡೆಯ ಮೇಲಿನ ಬೂದಿ, ಗಾಳಿ ಬೀಸಿದರೆ ಇಲ್ಲ ಎನ್ನುತ್ತಾರೆ ಹಿರಿಯರು. ಅಂಥವನು ಅತ್ತೆಯ ಅಡುಗೆಯಿಂದ ಕಾಯಿಲೆ ಬಂತೆಂದು ಹೇಳುವುದುಂಟೆ?

"ಮೊನ್ನೆ ರಾತ್ರಿ ಏನು ತಿಂದೆ ಮಗಾ?" ಮಂಚದ ಬಳಿ ಬಂದ ದೆಸ್ಮಾವರ್ನಿ ಕೇಳುತ್ತಾರೆ.

"ಅನ್ನ. ಮೀನು."

"ಮತ್ತೆ?"

"ಅಷ್ಟೇ, ಡಾಕ್ಟರಮ್ಮ." ನೋವಿಗೆ ಸೊಂಟ ಹಿಡಿದುಕೊಳ್ಳುತ್ತಾನೆ. ಗಡಿಯಾರದಲ್ಲಿ ಆರೂ ಮುಕ್ಕಾಲು.

ದೆಸ್ಮಾವರ್ನಿ ಅವನನ್ನು ಬಿಟ್ಟು ಅತ್ತೆಯ ಕಡೆ ತಿರುಗುತ್ತಾರೆ. "ಏನಕ್ಕಾ, ನಿಮ್ಮೂರಲ್ಲಿ ಜಾರಿಯಾಂಗ್ ಗೊಜ್ಜು ಬರೀ ಸಪ್ಪೆ ಮಾಡ್ತಾರಂತೆ?"

ರೊಸ್ನಿಯಾರ್ ನೆಟ್ಟಗೆ ಕೂರುತ್ತಾರೆ. "ಯಾವ ಬಾಯಿ ಹಾಗಂದಿದ್ದು? ಮೊನ್ನೆ ಇವನೇ ಮೂರು ಸಲ ಹಾಕಿಸ್ಕೊಂಡ. ಅದು ಸಾಲ್ದು ಅಂತ ಎಳೇ ಕಾಳು ಹಸೀನೇ ಹತ್ತು ನುಂಗಿದ. ಕೇಳಿ ಅವನನ್ನೇ."

ಹೆಂಡ್ರಿಜಾಲ್ ಕಣ್ಣು ಮುಚ್ಚಿಕೊಳ್ಳುತ್ತಾನೆ. "ಹೌದು," ಎನ್ನುತ್ತಾನೆ ಮೆಲ್ಲಗೆ.

ಅತ್ತೆಯ ಮುಖ ನಿಧಾನವಾಗಿ ಬಿಳಿಚಿಕೊಳ್ಳುತ್ತದೆ. ಡಾಕ್ಟರು ಅವರ ಮಂಡಿಯ ಮೇಲೆ ಕೈ ಇಡುತ್ತಾರೆ. "ಅಡುಗೆ ತಪ್ಪಲ್ಲಕ್ಕ. ನಾನೂ ತಿಂತೀನಿ. ಅದು ಯಾರಿಗೆ ಯಾವತ್ತು ಕೈಕೊಡತ್ತೋ ಹೇಳಕ್ಕಾಗಲ್ಲ."

ಸೂಜಿ ರದ್ದಾಗುತ್ತದೆ. ಡ್ರಿಪ್ ಹತ್ತುತ್ತದೆ. ಊಹೆ ತಪ್ಪಿದರೆ ಇರಲೆಂದು ಡಯಾಲಿಸಿಸ್ ಯಂತ್ರವೊಂದು ಸಜ್ಜಾಗಿದೆ. ಇನ್ನು ನೋಡಬೇಕು, ಅಷ್ಟೇ.

ಅಲ್ಲಿಯವರೆಗೆ ದಿನ ನಿಲ್ಲುವುದಿಲ್ಲ. ಹೊರರೋಗಿಗಳು ನಲವತ್ತಾರು. ಇಪ್ಪತ್ತೆರಡು ಡಯಾಲಿಸಿಸ್ ಕುರ್ಚಿ, ಮೂರು ಪಾಳಿ. ಹತ್ತೊಂಬತ್ತು ವಿದ್ಯಾರ್ಥಿಗಳಿಗೆ ಪಾಠ. ಜಾರಿಯಾಂಗ್ ರೋಗಿಗಳ ಬಗ್ಗೆ ಅವರು ಬರೆದ ಪ್ರಬಂಧ ಎರಡು ಸಲ ವಾಪಸ್ ಬಂದಿದೆ, ಇದು ಬರೀ ನಿಮ್ಮೂರಿನ ವಿಷಯ ಎಂಬ ಒಕ್ಕಣೆಯೊಂದಿಗೆ. ಅದಿಲ್ಲದೆ ಪ್ರೊಫೆಸರ್ ಪಟ್ಟವೂ ಬಂದಿಲ್ಲ. ಮುಂದಿನ ವರ್ಷ ನಿವೃತ್ತಿ.

ಹತ್ತು ಗಂಟೆಗೆ ಹೆಂಡ್ರಿಜಾಲನ ಮೂತ್ರದ ಚೀಲ ಖಾಲಿ. ಹನ್ನೊಂದಕ್ಕೂ ಖಾಲಿ. ಪೊಟ್ಯಾಸಿಯಂ ಇನ್ನೊಂದಿಷ್ಟು ಏರಿದೆ. ಫಡ್ಲಿ ಎರಡು ಸಲ ಯಂತ್ರದ ಕಡೆ ನೋಡುತ್ತಾನೆ. "ಇನ್ನರ್ಧ ಗಂಟೆ ತಡಿ," ಎನ್ನುತ್ತಾರೆ ದೆಸ್ಮಾವರ್ನಿ. ಆದರೆ ಅವರೂ ಕೂತಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ನಳಿಗೆಯಲ್ಲಿ ಮಸುಕಾದೊಂದು ಗೆರೆ ಇಳಿಯುತ್ತದೆ. ಮೂವತ್ತು ಮಿಲಿ. ಮೂರು ಗಂಟೆಯ ಹೊತ್ತಿಗೆ ಇನ್ನೂರ ಎಂಬತ್ತು, ಬಣ್ಣವೂ ತಿಳಿಯಾಗಿದೆ. ಪೊಟ್ಯಾಸಿಯಂ ಇಳಿದಿದೆ.

"ಬರೀ ಉಪ್ಪುನೀರು ಬಿಟ್ಟಿದ್ದಷ್ಟೇ," ರೊಸ್ನಿಯಾರ್ ಪಕ್ಕದ ಮಂಚದವಳಿಗೆ ಹೇಳುತ್ತಿದ್ದಾರೆ. "ಇಷ್ಟು ದೊಡ್ಡ ಆಸ್ಪತ್ರೆ, ಡಾಕ್ಟರಮ್ಮ ಏನಂದ್ರೆ ಏನೂ ಮಾಡ್ಲಿಲ್ಲ ನೋಡಿ."

ದೆಸ್ಮಾವರ್ನಿಗೆ ಅದು ಕೇಳಿಸುತ್ತದೆ. ಹೊರಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗುತ್ತಾರೆ.

"ನಿಜ ಕಣಮ್ಮಾ. ಏನೂ ಮಾಡದೆ ಇರೋದನ್ನ ಕಲಿಯೋಕೆ ಮೂವತ್ತೊಂದು ವರ್ಷ ಹಿಡೀತು ನಂಗೆ."