ಅಂಜಲ್ ಎಂದರೆ ದೂರದ ಎಸೆತ

ಅಶ್ವಥ್ ಚೆಂಡು ಎಸೆಯುತ್ತಿದ್ದ ಕಾಲದಲ್ಲಿ ಅವನ ತಂದೆ ಹರಿಶ್ಚಂದ್ರ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಬರ್ಮಿಂಗ್‌ಹ್ಯಾಮಿಗೆ ಎಂಜಿನಿಯರಿಂಗ್ ಓದಲು ಹೋದ ಮಗ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆಂದು ಕೇಳಿ, ಸ್ಟಾಕ್‌ಪೋರ್ಟಿನ ಮನೆಯಲ್ಲಿ ಕೂತು ಗೊಣಗಿದ್ದರು.

"ಬೇರೆ ಆಟವೇ ಸಿಕ್ಕಲಿಲ್ವಾ ಮಾರಾಯ ನಿಂಗೆ? ಕಾಲಲ್ಲಿ ಮುಟ್ಟದ ಫುಟ್‌ಬಾಲು!"

ಆ ಆಟದಲ್ಲಿ ಮಗ ಕ್ವಾರ್ಟರ್‌ಬ್ಯಾಕ್. ಮೊಟ್ಟೆಯಾಕಾರದ ಚೆಂಡು ಹಿಡಿದು, ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ ಅದನ್ನು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನು. ಓದಿನ ಕೊನೆಯ ವರ್ಷ ಬಿದ್ದು ಬಲಭುಜದ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ತಲೆ ಬಾಚಲೂ ಎಡಗೈಯೇ ಬೇಕಾಯಿತು. ಅಲ್ಲಿಗೆ ಹುಚ್ಚು ಬಿಟ್ಟಿತೆಂದು ಮನೆಯವರು ಅಂದುಕೊಂಡರು. ಅವನೋ ಸೇತುವೆ ಕಟ್ಟುವ ಕಂಪನಿಯ ಕೆಲಸ ಹಿಡಿದ ಮೇಲೂ ಕಾಲೇಜಿದ್ದ ಸೆಲ್ಲಿ ಓಕ್ ಬಡಾವಣೆ ಬಿಡಲಿಲ್ಲ. ಸಂಜೆಗಳನ್ನೆಲ್ಲ ಮೈದಾನಕ್ಕೆ ಕೊಟ್ಟು ಅದೇ ಕಾಲೇಜು ತಂಡದ ಕೋಚ್ ಆದ.

ಈ ಮಾರ್ಚಿನಲ್ಲಿ ಮ್ಯಾಂಚೆಸ್ಟರ್ ಹುಡುಗರೆದುರು ಕೊನೆಯ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ, ಕೋಚ್ ಮನೆಗೆ. "ಈ ಸಲ ನಾನು ಹೋಗುದೇ. ನೀವು ಬಂದ್ರೆ ಬನ್ನಿ," ಎಂದರು ತಾಯಿ ಲೀಲಾಕ್ಷಿ. ಹರಿಶ್ಚಂದ್ರ ಹೊರಟರು.

ಆಟ ಶುರುವಾಯಿತು. ಗೆರೆಯಂಚಿನಲ್ಲಿ ನಿಂತಿದ್ದ ಅಶ್ವಥ್ "ಬೂತಾಯಿ!" ಎಂದು ಕೂಗಿದ. ಊರಿನ ಮೀನಿನ ಹೆಸರು ಕೇಳಿ ಹರಿಶ್ಚಂದ್ರ ನೆಟ್ಟಗೆ ಕೂತರು. ಕ್ಯಾಲಮ್ ಎಂಬ ಕೆಂಪುಗೂದಲಿನ ಕ್ವಾರ್ಟರ್‌ಬ್ಯಾಕ್ ತಲೆಯಾಡಿಸಿ ಚೆಂಡನ್ನು ಹತ್ತಿರದವನಿಗೆ ಎಸೆದ. "ಅಂಜಲ್!" ಎಂದಾಗ ಚೆಂಡು ಮೈದಾನದ ಆಚೆ ತುದಿಗೆ ಹಾರಿತು. ಚಿಕ್ಕ ಮೀನಿಗೆ ಹತ್ತಿರದ ಎಸೆತ, ದೊಡ್ಡ ಮೀನಿಗೆ ದೂರದ್ದು! ಎದುರಾಳಿಗಳಿಗೆ ತಲೆಬುಡ ತಿಳಿಯಲಿಲ್ಲ. ಅರ್ಧ ಆಟಕ್ಕೆ ಮಗನ ತಂಡವೇ ಮುಂದಿತ್ತು.

ವಿರಾಮದಲ್ಲಿ ಪಕ್ಕದ ಹೆಂಗಸು ಫೋನಿನಲ್ಲಿ ಆಡಿದ ಊರ ಮಾತು ಕಿವಿಗೆ ಬಿದ್ದದ್ದೇ ಹರಿಶ್ಚಂದ್ರ ಅತ್ತ ತಿರುಗಿದರು. "ನಿಮ್ದು ಊರಲ್ಲಿ ಎಲ್ಲಿ?"

"ಮೂಲ್ಕಿ! ನಿಮ್ದು?"

ಅವರ ಹೆಸರು ಹೇಮಲತಾ. ಪಕ್ಕದೂರು ಪಡುಬಿದ್ರಿಯ ಹರಿಶ್ಚಂದ್ರರಿಗೆ ಮತ್ತೇನು ಬೇಕು? ಕೋಚ್ ತನ್ನ ಮಗ ಎಂದರು. ಎರಡು ಕೈ ಚಾಚಿ ಅಂಜಲ್ ಎಷ್ಟುದ್ದ, ಬೂತಾಯಿ ಎಷ್ಟುದ್ದ ಎಂದು ತೋರಿಸಿ ಗುಟ್ಟನ್ನೆಲ್ಲ ಬಿಚ್ಚಿಟ್ಟರು. ಹೇಮಲತಾ ಹೊಟ್ಟೆ ಹಿಡಿದು ನಕ್ಕರು. "ನಿಲ್ಲಿ, ನಮ್ಮ ಅಚಿಂತ್ಯನಿಗೂ ಹೇಳಿ ಬರ್ತೇನೆ," ಎಂದು ಎದ್ದು ನೇರ ಮ್ಯಾಂಚೆಸ್ಟರ್ ಆಟಗಾರರ ಕಡೆಗೆ ನಡೆದರು.

"ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದರು ಲೀಲಾಕ್ಷಿ, ಹಲ್ಲು ಕಚ್ಚಿಕೊಂಡು.

ಆಮೇಲೆ ಬೂತಾಯಿ ಎಂದರೆ ಎದುರಾಳಿಗಳು ಮುನ್ನುಗ್ಗಿದರು, ಅಂಜಲ್ ಎಂದರೆ ಹಿಂದಕ್ಕೆ ಓಡಿದರು. ಹೇಮಲತಾರ ಮಗ ಅಚಿಂತ್ಯ ಪ್ರತಿ ಸಲವೂ ಕೈಬೀಸಿ ತನ್ನವರನ್ನು ಎಚ್ಚರಿಸುತ್ತಿದ್ದ. ಮ್ಯಾಂಚೆಸ್ಟರ್ ಸಮ ಮಾಡಿತು, ಮುಂದೆ ಹೋಯಿತು. ಅಶ್ವಥ್ ಮಾತ್ರ ನಿಂತಲ್ಲೇ ನಿಂತು ಮತ್ತೆ ಮತ್ತೆ ಅದೇ ಮೀನುಗಳನ್ನು ಕೂಗುತ್ತಿದ್ದ.

ಆಟ ಮುಗಿಯುತ್ತ ಬಂದಾಗ ಅವನು ಒಂದು ಗಳಿಗೆ ಆಟ ನಿಲ್ಲಿಸಲು ಕೇಳಿದ. ಕ್ಯಾಲಮ್‌ನ ಹೆಲ್ಮೆಟ್ಟಿನ ಮೇಲೆ ಎಡಗೈ ಇಟ್ಟು ಏನೋ ಹೇಳಿ ಕಳಿಸಿದ. ಆಮೇಲೆ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ:

"ಅಂಜಲ್!"

ಮ್ಯಾಂಚೆಸ್ಟರ್‌ನವರು ಹಿಂದಕ್ಕೆ ಓಡಿದರು. ನಡುವಿನ ಹಸಿರೆಲ್ಲ ಖಾಲಿಯಾಯಿತು. ಕ್ಯಾಲಮ್ ಚೆಂಡನ್ನು ಒಂದೇ ಮಾರು ದೂರದಲ್ಲಿದ್ದ ಗೆಳೆಯನ ಕೈಗೆ ಮೆಲ್ಲಗೆ ಹಾಕಿದ. ಅವನು ಆ ಖಾಲಿಯಲ್ಲಿ ಓಡಿದ. ಹಿಂದಕ್ಕೆ ಓಡಿದ್ದವರು ತಿರುಗಿ ಬಂದು ಹಿಡಿಯುವ ಮೊದಲೇ ಕೊನೆಯ ಗೆರೆ ದಾಟಿದ್ದ. ಪಂದ್ಯ ಗೆದ್ದಾಗಿತ್ತು.

ಹರಿಶ್ಚಂದ್ರ ಕೆಳಗಿಳಿದು ಹೋದರು. "ನಾನೇ ಹೇಳಿದ್ದು ಮಾರಾಯ. ಬಾಯಿ ತಪ್ಪಿತು."

"ಗೊತ್ತು ಪಪ್ಪ. ನೀವು ಆ ಆಂಟಿಗೆ ಮೀನಿನ ಉದ್ದ ತೋರಿಸ್ತಾ ಇದ್ದದ್ದು ನಂಗೆ ಇಲ್ಲಿಗೇ ಕಾಣ್ತಿತ್ತು."

"ಮತ್ತೆ ಆಗ್ಲೇ ಬದಲಾಯಿಸ್ಲಿಲ್ಲ ಯಾಕೆ?"

"ಅವರಿಗೆ ಪೂರ್ತಿ ನಂಬಿಕೆ ಬರ್ಬೇಕಿತ್ತಲ್ಲ. ಅದು ಒಂದೇ ಸಲ ನಡೆಯುವ ಉಪಾಯ."

ಅಷ್ಟರಲ್ಲಿ ಹುಡುಗರು "ಕೋಚ್! ಕೋಚ್!" ಎಂದು ಕರೆದರು, ಅವನು ಹೋದ. ಅಷ್ಟು ಹೊತ್ತು, ಕಣ್ಣೆದುರೇ ಎಲ್ಲ ಕೈಜಾರುತ್ತಿದ್ದಾಗ, ಗುಟ್ಟು ಬಿಡದೆ ಕಾದು ನಿಂತವನು ತನ್ನ ಮನೆಯಲ್ಲಿ ಹುಟ್ಟಿದವನೇ ಎಂದು ಹರಿಶ್ಚಂದ್ರ ಬೆರಗಾದರು.

"ಇವ ಯಾರ ಹಾಗೆ ಮಾರಾಯ್ತಿ?"

"ನಿಮ್ಮ ಹಾಗಂತೂ ಅಲ್ಲ," ಎಂದರು ಲೀಲಾಕ್ಷಿ.

ಹರಿಶ್ಚಂದ್ರ ಹೌದೆಂದು ತಲೆಯಾಡಿಸಿ, ಮಗ ಹೋದ ಕಡೆಗೇ ನೋಡುತ್ತ ನಿಂತರು.